ವೈನಿ ಕುಬಸದ ಕ್ಯಾಸೆಟ್ಟು

ನಾ ಮೊದ್ಲೇ ಸಿಡುಕಿನಾಕಿ. ಹಾಲು ಉಕ್ಕಿದ್ರ ಒಲಿಗೆ ಬೈತೀನಿ, ಬಸ್ಸು ತಡ ಆದ್ರ ರಸ್ತಾಕ್ಕ ಬೈತೀನಿ. ಅಂಥಾಕಿ ಕೈಯಾಗ ಒಂದು ಹಳೇ ಕಂಪ್ಯೂಟರು, ಅದರಾಗ ವಿಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರು ಸಿಕ್ಕರ ಏನಾಗಬೇಕು ಹೇಳ್ರಿ? ಏನಾಯ್ತಂತ ಕಲಬುರಗಿ ಶಹಾಬಜಾರದಾಗ ನಮ್ಮ ಓಣಿ ಮಂದಿಗೆಲ್ಲಾ ಗೊತ್ತದ. ನಮ್ಮ ಓಣಿ ಎಷ್ಟು ಸಣ್ಣದಂದ್ರ, ನಾವು ಒಗ್ಗರಣಿ ಹಾಕಿದ್ರ ಎದುರು ಮನ್ಯಾಗ ಸೀನ್ತಾರ. "ಯಾರಿಗೆ ಬೈಯಾಕತ್ತೀಯವ್ವಾ, ಮನ್ಯಾಗ ಯಾರೂ ಕಾಣಂಗಿಲ್ಲಲ್ಲ?" ಅಂತ ಎದುರು ಮನಿ ಅಜ್ಜಿ ಖಿಡಕಿಯಿಂದ ಕೇಳಿದ್ಳು. "ಈ ಡಬ್ಬಿಗೆ ಬೈಯಾಕತ್ತೀನಿ ಅಜ್ಜಿ" ಅಂದೆ. "ಬೈ, ಬೈ. ಅದೇನು ತಿರುಗಿ ಮಾತಾಡಂಗಿಲ್ಲ" ಅಂದು ಆಕಿ ಒಳಗ ಹೋದ್ಳು.

ನಾ ಹೈಸ್ಕೂಲಿನ್ಯಾಗ ವಿಜ್ಞಾನ ಹೇಳೋ ಟೀಚರು. ಸಾಲಿ ಬಂದ್ ಇದ್ದ ಕಾಲಕ್ಕ ಪಾಠ ಎಲ್ಲಾ ಮೊಬೈಲಿನ್ಯಾಗ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸಬೇಕಾಗಿತ್ತು. ನಾ ಕೆಮ್ಮಿದ್ದು, ತಪ್ಪು ಹೇಳಿದ್ದು, ನಡುವ ಕುಕ್ಕರ್ ಸೀಟಿ ಹೊಡದದ್ದು ಎಲ್ಲಾ ಕತ್ತರಿಸಿ ತಗದು, ಚಲೋ ಇದ್ದಷ್ಟು ಜೋಡಿಸೋದು ಆವಾಗ ಕಲ್ತೆ. ಅವತ್ತಿನಿಂದ ಬೀಗರು ಬಿಜ್ಜರೊಳಗ ಯಾರ ಮನ್ಯಾಗ ಏನೇ ಕಾರ್ಯ ಆಗ್ಲಿ, "ಟೀಚರಿಗೆ ಕೊಡ್ರಿ, ಅವರು ವಿಡಿಯೋ ಮಾಡ್ತಾರ" ಅಂತ ಹೆಸರಾಯ್ತು. ಕಂಪ್ಯೂಟರು ಮಗಳ ಓದಿಗಂತ ತಗೊಂಡದ್ದು. ಆಕಿಗೆ ಲ್ಯಾಪ್‌ಟಾಪ್ ಬಂದ ಮ್ಯಾಲ ಇದರ ಕಡೆ ತಿರುಗಿ ನೋಡ್ಲಿಲ್ಲ. ಎಲ್ಲಾರ ಮನ್ಯಾಗ ಅವ್ವನ ಸೀರಿ ಮಗಳಿಗೆ ಬರ್ತದ, ನಮ್ಮ ಮನ್ಯಾಗ ಮಗಳ ಕಂಪ್ಯೂಟರು ಅವ್ವಗ ಬಂತು.

ಈ ಸಲದ ಕೆಲಸ ಮಾತ್ರ ಬ್ಯಾರೇನೇ ಇತ್ತು. ಕಮಲಾಪುರದಾಗ, ನನ್ನ ತವರಮನ್ಯಾಗ, ನಮ್ಮ ಅಣ್ಣನ ಮಗಳ ಕುಬಸ. ಚೊಚ್ಚಲ ಬಸುರಿಗೆ ಹಸರು ಸೀರಿ ಉಡಿಸಿ, ಹಸರು ಬಳಿ ಇಡಿಸಿ, ಉಡಿ ತುಂಬಿ ಆರತಿ ಮಾಡೋ ಕಾರ್ಯ ಅದು. ಅಣ್ಣ ಹೋಗಿ ಭಾಳ ದಿನ ಆಗಿರ್ಲಿಲ್ಲ. ಹೊಲದಿಂದ ಬಂದು ಎದಿ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂತಾಂವ ಮತ್ತ ಏಳ್ಲಿಲ್ಲ. ಅವ ಹೋದ ಮ್ಯಾಲ ನಮ್ಮ ವೈನಿ, ಅಂದ್ರ ಅವನ ಹೆಂಡತಿ, ಯಾರ ಕಾರ್ಯದಾಗೂ ಅಡಿಗಿಮನಿ ದಾಟಿ ಹೊರಗ ಬರೋದು ಬಿಟ್ಟಳು. ಬರಬ್ಯಾಡ ಅಂತ ಯಾರೂ ಅಂದಿಲ್ಲ. ಅಂದಿದ್ರ ನಾ ಸುಮ್ಕ ಬಿಡ್ತಿದ್ನೇನು? ಅದು ಆಕಿ ತಾನೇ ಹಾಕ್ಕೊಂಡ ಗೆರಿ. "ಆರತಿ ಹೊತ್ತಿನ್ಯಾಗ ನಾ ಯಾಕವ್ವಾ ಅಲ್ಲಿ? ನಾ ಒಳಗ ಹೋಳಿಗಿ ನೋಡ್ಕೋತೀನಿ" ಅಂತಾಳ. ಸ್ವಂತ ಮಗಳ ಕುಬಸಕ್ಕೂ ಅದೇ ಮಾತು ಆಡಿದ್ಳು. ನಾನೂ ಹೇಳಿ ನೋಡಿದೆ, ಬೀಗರೂ ಹೇಳಿ ನೋಡಿದ್ರು. ನಕ್ಕೋತ "ಹೂಂ ಹೂಂ" ಅಂತಾಳ, ಮತ್ತ ಅಡಿಗಿಮನಿಗೇ ಹೋಗ್ತಾಳ.

ಅಣ್ಣನ ಮಗಳು ನನಗ ಫೋನ್ ಹಚ್ಚಿ ಅತ್ತಳು. "ಅತ್ತಿ, ಅಪ್ಪ ಅಂತೂ ಇಲ್ಲ. ಅವ್ವ ಇದ್ದೂ ಹೊರಗ ಬರಂಗಿಲ್ಲಂತ. ಹಂಗಾದ್ರ ನಾ ಯಾರ ಮುಂದ ಕುಂಡ್ರಲಿ? ಅಪ್ಪನ ದನಿಯಾದ್ರೂ ಅವತ್ತು ನಮ್ಮ ಪಡಸಾಲ್ಯಾಗ ಕೇಳಿಸಬೇಕು. ಆ ಕ್ಯಾಸೆಟ್ಟು ಅದಲ್ಲ, ಅದರಾಗಿಂದು ಹ್ಯಾಂಗರೆ ಮಾಡಿ ತಗದು ಕೊಡು." ಬಸುರಿ ಹೆಣ್ಮಗಳು ಬಾಯಿ ಬಿಟ್ಟು ಕೇಳ್ಯಾಳ, ಇಲ್ಲ ಅನ್ನಾಕ ಬರ್ತದೇನ್ರಿ? ಮಾಡ್ತೀನಿ ಅಂತ ಮಾತು ಕೊಟ್ಟೆ.

ಕ್ಯಾಸೆಟ್ಟು ಅಂದ್ರ ವೈನಿಯ ಕುಬಸದ್ದು. ಈ ಮಗಳೇ ಹೊಟ್ಯಾಗಿದ್ದಾಗಿನದು. ಕಲಬುರಗಿಯಿಂದ ವಿಡಿಯೋದಾಂವ ಬಂದು, ಹೆಗಲ ಮ್ಯಾಲ ದೊಡ್ಡ ಕ್ಯಾಮೆರಾ ಇಟ್ಕೊಂಡು ತಗದಿದ್ದ. ಟ್ರಂಕಿನ್ಯಾಗ ರೇಷ್ಮಿ ಸೀರಿ ನಡುವ ಇಟ್ಟದ್ದು ಬೂಸು ಹಿಡದಿತ್ತು. ಜಗತ್ ಸರ್ಕಲ್ ಹತ್ರ ಒಂದು ಅಂಗಡಿಗೆ ಒಯ್ದು ಕೊಟ್ಟೆ. ಆ ಮಾಲಕ ಹತ್ತಿಯಿಂದ ಒರಸಿ ಒರಸಿ, ಬಂದಷ್ಟನ್ನ ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ. ಅವನ ಹೊಟ್ಟಿ ತಣ್ಣಗಿರಲಿ. ಯಾಕಂದ್ರ ಅಣ್ಣನ ದನಿ ಇರೋದು ಅದೊಂದರಾಗೇ. ಅವನಿಗೆ ಮೊಬೈಲ್ ಕ್ಯಾಮೆರಾ ಕಂಡ್ರ ಮೈಯಾಗ ಮುಳ್ಳು. "ಏ, ತಗೀ ಅತ್ತಾಗ" ಅಂತ ಟವೆಲ್ಲಿನಿಂದ ಮುಖ ಮುಚ್ಕೊಂಡು ಹೊರಗ ನಡೀತಿದ್ದ. ಫೋಟೋದಾಗ ಅದಾನ, ಖರೇ. ಆದ್ರ ಫೋಟೋ ಮಾತಾಡ್ತದೇನು?

ಆ ಕ್ಯಾಸೆಟ್ಟಿನ್ಯಾಗ ಏನದ ಅಂದ್ರ, ಆರತಿ ಆದ ಮ್ಯಾಲ ಹೆಣ್ಮಕ್ಕಳೆಲ್ಲಾ ವೈನಿಗೆ ಗಂಟು ಬೀಳ್ತಾರ, "ಗಂಡನ ಹೆಸರು ಹೇಳು" ಅಂತ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಾಗ ತರಂಗಿಲ್ಲ. ಇಂಥಾ ಕಾರ್ಯದಾಗ ಮಾತ್ರ ಒಂದು ಒಡಪು ಕಟ್ಟಿ, ಆ ಪದದ ನಡುವ ಹೆಸರು ಸೇರಿಸಿ ಹೇಳ್ತಾರ. ವೈನಿಗೆ ನಾಚಿಕಿ ಬಂತು, ಕುಂತ ಮಣಿ ಬಿಟ್ಟೆದ್ದು ಅಡಿಗಿಮನಿಗೆ ಓಡಿದ್ಳು. ಕ್ಯಾಮೆರಾದಾಗ ಖಾಲಿ ಮಣಿ ಒಂದೇ ಉಳೀತು. ಆವಾಗ ಕ್ಯಾಮೆರಾದ ಹಿಂದಿನಿಂದ ಅಣ್ಣನ ದನಿ ಬರ್ತದ: "ಏ, ಹೊರಗ ಬಾ. ಎಲ್ಲಾರೂ ಕಾಯಾಕತ್ತಾರ. ನನ್ನ ಹೆಸರು ಹೇಳಿದ್ರ ನಾ ಏನು ಸವೆಯಂಗಿಲ್ಲ, ಬಾ." ವೈನಿ ಸೆರಗು ಬಾಯಿಗೆ ಹಿಡ್ಕೊಂಡು ಬಂದು ಹೇಳ್ತಾಳ, ಕಮಲಾಪುರದ ಕೆಂಪು ಬಾಳಿ ಗೊನಿ ತುಂಬಾ ಹಣ್ಣು, ಇಂಥಾವರು ಅಂದ್ರ ನನ್ನೆರಡು ಕಣ್ಣು. ಆ "ಇಂಥಾವರು" ಅಂತ ನಾ ಬರದ ಜಾಗಾದಾಗ ಅಣ್ಣನ ಹೆಸರದ. ಹೆಂಗಸರೆಲ್ಲಾ ಹೋ ಅಂತ ನಗ್ತಾರ. ಅಷ್ಟೇ.

ಆ ತುಂಡು ಕತ್ತರಿಸಿ ಬ್ಯಾರೆ ಇಟ್ಟೆ. ಉಳದ ಫೋಟೋ, ವಿಡಿಯೋ ಫೈಲುಗಳಿಗೆ ಮೊಬೈಲು ತಾನೇ ಕೊಟ್ಟ ನಂಬರಿದ್ವು, ಅವನ್ನ ಹಂಗೇ ಬಿಟ್ಟೆ. ಇದಕ್ಕೊಂದಕ್ಕ ಹೆಸರಿಡಬೇಕನಿಸ್ತು. ವಿಚಾರ ಮಾಡ್ರಿ, ಅಣ್ಣನ ಹೆಸರು ಹಿಡದು ಕರಿಯೋರು ಮನ್ಯಾಗ ಯಾರಿದ್ರು? ನಾ ಅಣ್ಣ ಅಂದೆ, ಮಗಳು ಅಪ್ಪ ಅಂದ್ಳು, ಊರ ಮಂದಿ ಕಾಕಾ, ಮಾಮಾ ಅಂದ್ರು. ಹೆಸರಿನಿಂದ ಕರೀತಿದ್ದ ಅವ್ವ ಅಪ್ಪ ಎಂದೋ ಹೋದ್ರು. ಅಷ್ಟು ಚಂದನ್ನ ಹೆಸರು ಯಾರ ಬಾಯಾಗೂ ಇಲ್ಲದಂಗ ಆಗ್ಯದಲ್ಲ ಅನಿಸ್ತು. ಕನ್ನಡ ಕೀಬೋರ್ಡ್ ಹಾಕ್ಕೊಂಡು, ಅಡ್ಡಹೆಸರು, ಅವನ ಹೆಸರು, ನಮ್ಮಪ್ಪನ ಹೆಸರು ಎಲ್ಲಾ ಕೂಡಿಸಿ ಪೂರಾ ಬರದೆ. ಬರದು ಒಮ್ಮಿ ಜೋರಾಗಿ ಓದಿದೆ. ಕಣ್ಣಾಗ ನೀರು ಬಂತು, ಆದ್ರ ಜೀವಕ್ಕ ಹಗುರಾತು.

ಇಷ್ಟಾದ ಮ್ಯಾಲ ಸುರುವಾತು ನೋಡ್ರಿ ನನ್ನ ವನವಾಸ. ಎಲ್ಲಾ ತುಂಡು ಸಾಲಾಗಿ ಜೋಡಿಸಿದೆ. ಅಣ್ಣನ ಮಗಳ ಸಣ್ಣಂದಿನ ಫೋಟೋ, ಆಕಿ ಮದುವಿದು ಒಂದೀಟು, ಹೊಲದ್ದು, ಮನಿದು, ಕೊನಿಗೆ ಕ್ಯಾಸೆಟ್ಟಿನದು. ಆಡಿಸಿ ನೋಡಿದ್ರ ಬರೋಬ್ಬರಿ ಆಡ್ತದ. ಎಲ್ಲಾ ಕೂಡಿಸಿ ಒಂದೇ ವಿಡಿಯೋ ಮಾಡು ಅಂದ್ರ, ಅದಕ್ಕ ಎಕ್ಸ್‌ಪೋರ್ಟ್ ಅಂತಾರ, ಹಸರು ಗೆರಿ ಸಾವಕಾಶ ಮುಂದ ಹೋಗ್ತದ, ಹೋಗ್ತದ, ಇನ್ನೇನು ಮುಗೀತು ಅನ್ನೋದ್ರಾಗ ಕಂಪ್ಯೂಟರಿನ ಪರದಿ ಬಿಳೀ ಆಗಿ ಸಾಫ್ಟ್‌ವೇರು ಢಬಕ್ಕನ ಬಂದ್. "ಸಾರಿ" ಅಂತೊಂದು ಸಣ್ಣ ಪಾಟಿ ಬರ್ತದ ಮ್ಯಾಲ. ಸಾರಿ ಅಂತ! ಅದರ ಸಾರಿ ತಗೊಂಡು ನಾ ಏನು ಉಪ್ಪಿನಕಾಯಿ ಹಾಕ್ಲ್ಯಾ?

ಮೊದ್ಲು ಬಿಸಿಲಿಗೆ ಬೈದೆ. ಕಲಬುರಗಿ ಬ್ಯಾಸಗಿ ಅಂದ್ರ ಮನಷ್ಯಾರೇ ಬಂದ್ ಬೀಳ್ತಾರ, ಕಂಪ್ಯೂಟರಿನ ಪಾಡೇನು? ಅದರ ಪಕ್ಕದ ತಗಡು ಬಿಚ್ಚಿ, ನನಗಿದ್ದ ಟೇಬಲ್ ಫ್ಯಾನ್ ಅದಕ್ಕ ಹಚ್ಚಿ, ನಾ ಪೇಪರಿನಿಂದ ಗಾಳಿ ಬೀಸ್ಕೋತ ಕುಂತೆ. ಬಿತ್ತು. ಹಳೇ ಫೋಟೋ ಅಳಿಸಿ ಜಾಗಾ ಮಾಡಿದೆ. ಬಿತ್ತು. ಮೆಮೊರಿ ಕಾರ್ಡು ಬಿಚ್ಚಿ ಒರಸಿ ಹಾಕಿದೆ, ವೈರಸ್ ಹುಡುಕಿಸಿದೆ, ಸಾಫ್ಟ್‌ವೇರು ಪೂರಾ ಕಿತ್ತು ಹೊಸದಾಗಿ ಹಾಕಿದೆ. ಬಿತ್ತು, ಬಿತ್ತು, ಬಿತ್ತು. ನಮ್ಮ ಮನಿಯವರು ಹಿಂದ ನಿಂತು, "ಕ್ಲಾಸಿನ್ಯಾಗ ಹುಡುಗರಿಗೆ ಏನು ಹೇಳ್ತಿ? ಒಮ್ಮಿಗೆ ಒಂದೇ ಬದಲಿ ಮಾಡಿ ನೋಡ್ರಿ, ಆವಾಗ ಕಾರಣ ಸಿಗ್ತದ ಅಂತೀಯಲ್ಲ? ಇಲ್ಲಿ ಎಲ್ಲಾ ಒಮ್ಮಿಗೇ ಕಿತ್ತಾಕತ್ತೀಯಲ್ಲ" ಅಂದ್ರು. ಮೈಯೆಲ್ಲಾ ಉರೀತು. ಯಾಕಂದ್ರ ಅವರು ಹೇಳಿದ್ದು ಖರೇ ಇತ್ತು. "ನೀವು ಚಾ ಮಾಡ್ಕೊಂಡು ಬರ್ರಿ ಮೊದ್ಲು" ಅಂದೆ. ಪಾಪ, ಮಾಡ್ಕೊಂಡು ಬಂದ್ರು. ಶುಂಠಿ ಹಾಕಿದ್ರು.

ಚಾ ಕುಡದು, ತಲಿ ತಂಪು ಮಾಡ್ಕೊಂಡು, ಒಂದೊಂದೇ ತುಂಡು ತಗದು ಎಕ್ಸ್‌ಪೋರ್ಟ್ ಮಾಡ್ಕೋತ ಬಂದೆ. ಫೋಟೋ ತಗದೆ, ಬಿತ್ತು. ಫೋಟೋ ವಾಪಸ್ ಇಟ್ಟು ಮದುವಿ ತಗದೆ, ಬಿತ್ತು. ಕೊನಿಗೆ ಕ್ಯಾಸೆಟ್ಟಿನ ತುಂಡು ತಗದೆ. ಗೆರಿ ಸರ್ರನೆ ಓಡಿ ಮುಗಿದೇ ಹೋಯ್ತು! ಕೆಮ್ಮಲಿಲ್ಲ, ಕುಂಯ್ ಅನಲಿಲ್ಲ. ಚಂದ ಹಾಡು ಹಾಕಿದ ವಿಡಿಯೋ ತಯಾರಾಗಿ ಕುಂತಿತ್ತು, ಅಣ್ಣ ಒಬ್ಬ ಬಿಟ್ಟು.

"ಸಿಕ್ತಲ್ಲ ಕಾರಣ. ಅದೊಂದು ಬಿಟ್ಟು ಬಿಡು, ಕುಬಸ ಹತ್ರ ಬಂತು" ಅಂದ್ರು ಮನಿಯವರು. ಒಳ್ಳೇ ಮನಸಿನಿಂದಾನೇ ಅಂದ್ರು. ಆದ್ರ ಅಣ್ಣನ್ನ ತಗದ್ರ ಎಲ್ಲಾ ಚಲೋ ನಡೀತದ ಅಂತ ಈ ಡಬ್ಬಿ ಹೇಳ್ತದೇನು? "ಅದೊಂದರ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತೀನಿ, ಅದೊಂದೇ ಬಿಡು ಅಂತೀರಿ!" ಅಂತ ಚೀರಿದೆ. ಎದುರು ಮನಿ ಅಜ್ಜಿ ಖಿಡಕಿ ಮುಚ್ಚಿದ್ಳು.

ಯಾಕಷ್ಟು ಹಟ ಅಂದ್ರ, ಹೇಳ್ತೀನಿ ಕೇಳ್ರಿ. ವೈನಿ ನಮ್ಮ ಮನಿಗೆ ಬಂದಾಗ ನಾ ಸಾಲಿ ಹುಡುಗಿ, ಅವ್ವ ಇಲ್ಲದಾಕಿ. ಬಂದ ದಿನದಿಂದ ನನ್ನ ತಲಿಗೆ ಎಣ್ಣಿ ಹಚ್ಚಿ ಹೆಣಲು ಹಾಕಿದಾಕಿ ಆಕಿ. ಬಾಯಿಮಾತಿಗಷ್ಟ ವೈನಿ. ಅವ್ವಗ ಅಂದಂಗ 'ನೀ' ಅಂತೀನಿ ಆಕಿಗೆ, ರೀ ಹಚ್ಚಂಗಿಲ್ಲ. ಕಲಬುರಗಿ ಕಾಲೇಜಿಗೆ ನನ್ನ ಹಾಕಾಕ ಅಣ್ಣ ಹಿಂದ ಮುಂದ ನೋಡಿದಾಗ, "ಆಕಿ ಓದ್ಲಿ. ಬುತ್ತಿ ನಾ ಕಳಿಸ್ತೀನಿ" ಅಂದ್ಳು. ನಾ ಹಾಸ್ಟೆಲಿನ್ಯಾಗ ಇದ್ದಷ್ಟು ದಿನ ಮುಂಜಾನಿ ಕಮಲಾಪುರದ ಬಸ್ಸಿನ್ಯಾಗ ಡ್ರೈವರನ ಹಿಂದ ನನ್ನ ಬುತ್ತಿ ಬರ್ತಿತ್ತು. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅದನ್ನ ಸ್ಟ್ಯಾಂಡಿಗೆ ಕೊಟ್ಟು ಬರೋದು ಅಣ್ಣನ ಕೆಲಸ. ಒಂದು ದಿನ ತಪ್ಪಿಸಿದಾಂವ ಅಲ್ಲ. ನಾ ಇವತ್ತು ಬೋರ್ಡಿನ ಮುಂದ ನಿಂತು ನಾಲ್ಕು ಅಕ್ಷರ ಹೇಳ್ತೀನಂದ್ರ ಅವರಿಬ್ಬರು ಹಾಕಿದ ಅನ್ನ ಅದು. ಅಂಥಾವರ ನಾಕು ಮಾತಿನ ದನಿ ಉಳಸಾಕ ನನ್ನ ಕೈಲೆ ಆಗಂಗಿಲ್ಲ ಅಂದ್ರ ಹ್ಯಾಂಗ?

ಆ ಸಾಫ್ಟ್‌ವೇರು ಬಳಸೋರು ಒಬ್ಬರಿಗೊಬ್ಬರು ಪ್ರಶ್ನಿ ಕೇಳೋ ಜಾಗಾ ಇಂಟರ್ನೆಟ್ಟಿನ್ಯಾಗ ಅದ. ನನಗ ಬಂದಷ್ಟು ಇಂಗ್ಲಿಷಿನ್ಯಾಗ ನನ್ನ ಗೋಳು ಬರದೆ. ದಿನಗಳು ಹೋದ್ವು, ಯಾರೂ ಮಾತಾಡ್ಲಿಲ್ಲ. ಸಾಲಿಯಿಂದ ಬಂದು ಚಪ್ಪಲ್ ಬಿಡೋಕಿಂತ ಮೊದ್ಲು ಅದನ್ನೇ ನೋಡ್ತಿದ್ದೆ. ಒಂದಿನ ಸಂಜಿಮುಂದ ಉತ್ತರ ಬಂದಿತ್ತು. ಯಾವ ದೇಶದಾಂವೋ, ಗಂಡಸೋ ಹೆಂಗಸೋ ಗೊತ್ತಿಲ್ಲ, ತನ್ನ ಫೋಟೋ ಬದಲಿಗೆ ಒಂದು ನಾಯಿ ಫೋಟೋ ಹಾಕ್ಕೊಂಡಿತ್ತು. ನಿಮ್ಮ ಪರದಿ ಹ್ಯಾಂಗ ಕಾಣ್ತದ ಅದರ ಫೋಟೋ ಕಳಿಸ್ರಿ ಅಂತ ಕೇಳ್ತು. ಕಳಿಸಿದೆ. ಆಮ್ಯಾಲ ಸಮಾಧಾನದಿಂದ ಬರದಿತ್ತು: ಎಲ್ಲಾ ಫೈಲಿಗೂ ನಂಬರ ಅದಾವ, ಒಂದಕ್ಕ ಮಾತ್ರ ಬ್ಯಾರೆ ಲಿಪಿಯಾಗ ಉದ್ದನ್ನ ಹೆಸರದ. ನಿಮ್ಮ ಸಾಫ್ಟ್‌ವೇರು ಹಳೇದು, ಎಕ್ಸ್‌ಪೋರ್ಟ್ ಹೊತ್ತಿಗೆ ಅಂಥಾ ಹೆಸರು ಓದಾಕ ಅದಕ್ಕ ಬರಂಗಿಲ್ಲ, ಅಲ್ಲಿಗೆ ಬಂದು ಬೀಳ್ತದ. ಇಂಗ್ಲಿಷ್ ಅಕ್ಷರದಾಗ ಸಣ್ಣದೊಂದು ಹೆಸರು ಕೊಟ್ಟು ನೋಡ್ರಿ.

ಓದಿ ಹಣಿ ಬಡ್ಕೊಂಡೆ. ಅಂದ್ರ, ನಾ ಪ್ರೀತಿಲೆ ಇಟ್ಟ ಹೆಸರೇ ಅದಕ್ಕ ನುಂಗಲಾರದ ತುತ್ತಾಗಿತ್ತು! ನಗಬೇಕೋ ಅಳಬೇಕೋ ತಿಳೀಲಿಲ್ಲ. ಸೀದಾ ವೈನಿಗೆ ಫೋನ್ ಹಚ್ಚಿದೆ. "ವೈನಿ, ಕೇಳಿಲ್ಲಿ. ಅಣ್ಣನ ಹೆಸರು ಬಂತಂದ್ರ ಈ ಕಂಪ್ಯೂಟರು ಬಾಯಿ ಮುಚ್ಚಿ ಬಂದ್ ಬೀಳ್ತದ. ಅದಕ್ಕೇ ಇಷ್ಟು ದಿನ ಕಾಡ್ಯದ."

ಆ ಕಡೆ ವೈನಿ ನಗಾಕ ಸುರು ಮಾಡಿದ್ಳು. ಅಣ್ಣ ಹೋದ ಮ್ಯಾಲ ಆಕಿ ಹಂಗ ನಕ್ಕದ್ದು ನಾ ಕೇಳೇ ಇರ್ಲಿಲ್ಲ. "ಅಯ್ಯ ಯವ್ವಾ! ಮರ್ಯಾದಿ ಬಲ್ಲದ್ದು ಬಿಡು ನಿನ್ನ ಕಂಪ್ಯೂಟರು. ಅವರ ಹೆಸರು ಹಿಡದು ಕರೀಬಾರ್ದು ಅಂತ ಅದಕ್ಕೂ ಗೊತ್ತದ."

"ನಗಬ್ಯಾಡ ಮಾರಾಯ್ತಿ. ಈಗ ಬ್ಯಾರೆ ಹೆಸರು ಇಡಬೇಕಂತ. ಸಣ್ಣದು. ಏನಿಡ್ಲಿ?"

"ಏನಿಡ್ತಿ? ನಾ ಕರೀತಿದ್ದಂಗ ಕರಿ."

"ರೀ ಅಂತ?"

"ಹೂಂ. ಆಯುಷ್ಯಪೂರ್ತಿ ಅದಕ್ಕೇ ಓ ಅಂದಾರ. ಈಗೂ ಅಂತಾರ ನೋಡು."

ಆಕಿ ಫೋನ್ ಇಟ್ಟ ಮ್ಯಾಲ ಇಂಗ್ಲಿಷಿನ ಆರ್ ಒತ್ತಿದೆ, ಐ ಒತ್ತಿದೆ. ಎರಡೇ ಅಕ್ಷರ. ಎಕ್ಸ್‌ಪೋರ್ಟ್ ಒತ್ತಿ, ದೇವರ ಮುಂದ ನಿಂತಂಗ ಕೈ ಮುಗ್ಕೊಂಡು ಕುಂತೆ. ಗೆರಿ ಹೋತು, ಹೋತು, ದಿನಾ ಬೀಳೋ ಜಾಗಾಕ್ಕ ಬಂತು, ದಾಟಿತು. ಮುಗೀತು. ಆಡಿಸಿದ್ರ, ಕೊನಿಗೆ ಅಣ್ಣನ ದನಿ. ನಮ್ಮ ಮನಿಯವರು ಒಳಗಿಂದ ಓಡಿ ಬಂದು ನನ್ನ ತಲಿ ಮ್ಯಾಲ ಕೈ ಇಟ್ಟು ನಿಂತ್ರು. ನಾಯಿ ಫೋಟೋದವರಿಗೆ ಬರದೆ, ಅದು ನಮ್ಮ ಅಣ್ಣನ ಹೆಸರು, ನೀವು ಅವನನ್ನ ನಮಗ ತಿರುಗಿ ಕೊಟ್ರಿ ಅಂತ. ನನ್ನ ಇಂಗ್ಲಿಷ್ ಹರಕು ಮುರುಕು. ಆದ್ರ ತಿಳೀತು ಅನಸ್ತದ, ಯಾಕಂದ್ರ ಆ ಹೆಸರು ಹ್ಯಾಂಗ ಹೇಳಬೇಕು ಅಂತ ಕೇಳಿ ಬರದಿದ್ರು. ಅಕ್ಷರ ಬಿಡಿಸಿ ಹೇಳಿಕೊಟ್ಟೆ. ಎಲ್ಲೋ ದೂರದಾಗ ಯಾರೋ ಒಬ್ಬರು ನಮ್ಮ ಅಣ್ಣನ ಹೆಸರು ಒಮ್ಮಿ ಬಾಯಿ ಬಿಟ್ಟು ಅಂದಿರಬೇಕು. ಅವರ ಉಪಕಾರ ನಾ ಹ್ಯಾಂಗ ತೀರಸ್ಲಿ? ಅವರ ಮನಿ ಮಂದಿ ಸುಖವಾಗಿರ್ಲಿ ಅಂತ ದಿನಾ ದೀಪ ಹಚ್ಚೋವಾಗ ಬೇಡ್ಕೋತೀನಿ.

ಕುಬಸದ ದಿನ ಪಡಸಾಲಿ ತುಂಬಾ ಹೆಣ್ಮಕ್ಕಳು. ಅಣ್ಣನ ಮಗಳು ಹಸರು ಸೀರಿ ಉಟ್ಟು ಮಣಿ ಮ್ಯಾಲ ಕುಂತಿದ್ಳು, ಮುಖ ಮಾತ್ರ ಸಣ್ಣದಾಗಿತ್ತು. ಯಾಕಂದ್ರ ವೈನಿ ಎಷ್ಟು ಕರದ್ರೂ ಬರ್ಲಿಲ್ಲ. ಮಗಳೇ ಎದ್ದು ಹೋಗಿ ಕೈ ಹಿಡದು ಜಗ್ಗಿದ್ರೂ, "ಹೋಗವ್ವಾ, ಹೊತ್ತಾಗ್ತದ, ಚಂದಾಗಿ ಆರತಿ ಮಾಡಿಸ್ಕೋ" ಅಂತ ಹೊರಗ ಕಳಿಸಿದ್ಳು. ಉಡಿ ತುಂಬಿದ್ರು, ಆರತಿ ಆಯ್ತು, ಹಾಡಾಯ್ತು. ನಾ ಟಿವಿಗೆ ಪೆನ್‌ಡ್ರೈವ್ ಹಚ್ಚಿ ವಿಡಿಯೋ ಸುರು ಮಾಡಿದೆ. ಸಣ್ಣಂದಿನ ಫೋಟೋ ನೋಡಿ ಎಲ್ಲಾರೂ ನಕ್ಕರು, ಮದುವಿ ನೋಡಿ ಬೀಗರು ತಮ್ಮ ತಮ್ಮ ಮುಖ ಹುಡುಕಿದ್ರು. ಆಮ್ಯಾಲ ಕ್ಯಾಸೆಟ್ಟಿನ ಮಸುಕು ಚಿತ್ರ ಬಂತು. ಮಣಿ ಬಿಟ್ಟು ಎಳೇ ವೈನಿ ಒಳಗ ಓಡಿದ್ಳು. ಅಣ್ಣ ಕರದ.

"ಏ, ಹೊರಗ ಬಾ. ಎಲ್ಲಾರೂ ಕಾಯಾಕತ್ತಾರ."

"ಬಂದೇ ರೀ" ಅಂತ ದನಿ ಬಂತು. ಟಿವಿಯೊಳಗಿಂದಲ್ಲ, ಅಡಿಗಿಮನಿಯಿಂದ. ಮತ್ತ ವೈನಿ ಬಂದೇಬಿಟ್ಟಳು, ಎರಡೂ ಕೈಗೆ ಹೋಳಿಗಿ ಕಣಕ ಹತ್ತಿಸ್ಕೊಂಡು, ಸೆರಗು ಸೊಂಟಕ್ಕ ಸಿಗಿಸಿಕೊಂಡು, ಲಗುಬಗಿಲೆ, ಅವ ಕರದ್ರ ಯಾವಾಗಲೂ ಬರ್ತಿದ್ದಂಗ. ಹೊಸ್ತಿಲ ದಾಟಿ, ಪಡಸಾಲಿ ನಟ್ಟನಡುವ ಬಂದು ನಿಂತ ಮ್ಯಾಲ ಆಕಿಗೆ ತಿಳೀತು. ಟಿವಿ ನೋಡಿದ್ಳು. ನಮ್ಮನ್ನ ನೋಡಿದ್ಳು. ಈಗ ತಿರುಗಿ ಒಳಗ ಹೋಗ್ತಾಳ ಅನ್ಕೊಂಡೆ.

ಮಗಳು ಮಣಿ ಮ್ಯಾಲ ಸರದು ಜಾಗಾ ಮಾಡಿದ್ಳು. "ಕುಂಡ್ರವ್ವಾ."

"ಕೈ ನೋಡು ಹ್ಯಾಂಗಾಗ್ಯಾವ" ಅಂದ್ಳು ವೈನಿ.

"ಆಗ್ಲಿ. ಕುಂಡ್ರು."

ವೈನಿ ಕುಂತಳು. ಮಗಳು ಆಕಿ ಹೆಗಲಿಗೆ ತಲಿ ಇಟ್ಟಳು. ಬೀಗಿತಿ ಎದ್ದು ಬಂದು ವೈನಿಗೂ ಒಂದು ಹೂವಿನ ಮಾಲಿ ಮುಡಿಸಿದ್ಳು. ಆಕಿ ಬ್ಯಾಡ ಅನ್ಲಿಲ್ಲ. ನನಗ ಕಣ್ಣು ಕಾಣದಂಗಾಗಿತ್ತು, ರಿಮೋಟ್ ಕೈಯಾಗ ಹಿಡ್ಕೊಂಡು ಹಂಗೇ ನಿಂತಿದ್ದೆ. ಆವಾಗ ವೈನಿ ನನ್ನ ಕಡೆ ತಿರುಗಿದ್ಳು.

"ಇನ್ನೊಮ್ಮಿ ಹಚ್ಚವ್ವಾ" ಅಂದ್ಳು. "ಕರದ್ರಂತ ಬಂದುಬಿಟ್ಟೆ. ಮುಂದ ಏನಂದ್ರೋ, ನಾ ಕೇಳಲೇ ಇಲ್ಲ."

ನಾ ಹಿಂದಕ್ಕ ಸರಿಸಿ ಮತ್ತ ಹಚ್ಚಿದೆ.